ದೊರೆಯ ತಿಂಡಿ

ಬೆನಿಡೋರ್ಮಿನ ಬಿಸಿಲಿಗೆ ಮೊದಲು ಸೋಲುವುದು ಕೆಂಪು ಬಣ್ಣ. ಸ್ಪೇನಿನ ಪೂರ್ವ ಕರಾವಳಿಯ ಆ ಊರಿನಲ್ಲಿ ಹೋಟೆಲಿಗೊಂದರಂತೆ ಬೀದಿಗೆ ಹಲಗೆ ನಿಲ್ಲಿಸಿರುತ್ತಾರೆ. ಹಲಗೆಯ ಮೇಲೆ ತುಂಬಿದ ತಟ್ಟೆಯೊಂದರ ಫೋಟೋ, ಕೆಳಗೆ ‘ಫುಲ್ ಇಂಗ್ಲಿಷ್ ಬ್ರೇಕ್‌ಫಾಸ್ಟ್, ಇಡೀ ದಿನ’ ಎಂಬ ಘೋಷಣೆ. ಕೆಲವು ಬೇಸಿಗೆ ಕಂಡ ಫೋಟೋದಲ್ಲಿ ಕೆಂಪೂ ಹಳದಿಯೂ ಹಾರಿಹೋಗಿ ನೀಲಿಯೊಂದೇ ಉಳಿದಿರುತ್ತದೆ. ನೀಲಿ ಟೊಮೆಟೊ, ನೀಲಿ ಸಾಸೇಜು, ನೀಲಿ ಕಾಳು. ಹಾಲಾಹಲ ಕುಡಿದ ಮರುದಿನ ಕೈಲಾಸದಲ್ಲಿ ಶಿವನಿಗೆ ಕೊಟ್ಟ ತಿಂಡಿ ಹೀಗಿದ್ದಿರಬಹುದು. ಅಂಥ ಒಂದೊಂದು ಹಲಗೆಯ ಮುಂದೆಯೂ ನನ್ನ ಗೆಳೆಯ ಕನ್ನಡಕ ಹಣೆಗೇರಿಸಿ, ಕೈ ಹಿಂದೆ ಕಟ್ಟಿಕೊಂಡು ನಿಂತು ಪರೀಕ್ಷೆ ಮಾಡುತ್ತಿದ್ದ. ‘ಇದರಲ್ಲಿ ಅಣಬೆ ಇಲ್ಲ’ ಎಂದು ಮುಂದೆ ಹೋಗುವನು. ‘ಇಲ್ಲಿ ಬೀನ್ಸನ್ನು ಪುಟ್ಟ ಬಟ್ಟಲಲ್ಲಿ ಬೇರೆಯಾಗಿ ಇಟ್ಟಿದ್ದಾರೆ, ದುಡ್ಡು ಜಾಸ್ತಿ ಕೀಳ್ತಾರೆ’ ಎಂದು ಮತ್ತೂ ಮುಂದೆ. ಅವನ ಹಿಂದೆ ನಾನು, ನನ್ನ ಹಿಂದೆ ನನ್ನ ಹೆಂಡತಿ, ಅವಳ ಹಿಂದೆ ಅವಳ ಹಸಿವು.

ಗೆಳೆಯನ ಹೆಸರು ಇಲ್ಲಿ ಬೇಡ. ನಮ್ಮ ಮನೆಯಲ್ಲಿ ಅವನು ‘ದೊರೆ’. ಬಿರುದು ದಯಪಾಲಿಸಿದವಳು ನನ್ನ ಹೆಂಡತಿ. ಅವಳ ಅಜ್ಜಿಯ ತವರು ಚಿಕ್ಕಮಗಳೂರಿನ ಕಡೆ. ಕಾಫಿ ತೋಟದ ಬಿಳಿಯರನ್ನೆಲ್ಲ ಅಜ್ಜಿ ಸಾಯುವವರೆಗೂ ದೊರೆ ಎಂದೇ ಅನ್ನುತ್ತಿದ್ದರಂತೆ. ನಮ್ಮ ದೊರೆಯ ಅಪ್ಪ ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಲೀಡ್ಸಿನಲ್ಲಿ ಸಿಟಿ ಬಸ್ಸು ಓಡಿಸಿದವರು, ಅಮ್ಮ ಶಾಲೆಯ ಅಡುಗೆಮನೆಯಲ್ಲಿ ದುಡಿದವರು. ಇಡೀ ಸಾಮ್ರಾಜ್ಯದಿಂದ ಆ ಮನೆಗೆ ಬಂದು ಮುಟ್ಟಿದ್ದು ಚಹಾಪುಡಿ ಒಂದೇ ಇರಬೇಕು. ಆದರೂ ಪರದೇಶದಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ಅವನ ಮುಖ ನೋಡಿದರೆ ರಾಜ್ಯ ಕಳೆದುಕೊಂಡ ದುಃಖ ಎಂದರೆ ಏನೆಂದು ತಿಳಿಯುತ್ತದೆ.

ನಾನು ಸಾಗರದ ಕಡೆಯ ಹಳ್ಳಿಯವನು. ಮೊಟ್ಟೆ ತಿನ್ನುವುದನ್ನು ಬೆಂಗಳೂರಿನ ಹಾಸ್ಟೆಲಿನಲ್ಲಿ ಕಲಿತೆ, ಅಲ್ಲಿಗೇ ನಿಲ್ಲಿಸಿದೆ. ಅಷ್ಟು ಕಲಿತದ್ದೂ ಊರಿನ ಮನೆಗೆ ಇನ್ನೂ ಅಧಿಕೃತವಾಗಿ ಗೊತ್ತಿಲ್ಲ. ಅಂಥವನಿಗೆ ಇಂಗ್ಲಿಷರ ತಿಂಡಿಯ ಉಸಾಬರಿ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ಕಾರಣ ನಾನು ಹೋಗಿ ಸೇರಿದ್ದ ಲೀಡ್ಸಿನ ಚಳಿಗಾಲ. ಎಂಟು ಗಂಟೆಯಾದರೂ ಸೂರ್ಯನ ಸುಳಿವಿಲ್ಲದ ಊರಿನಲ್ಲಿ, ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ, ಜೊತೆಗಾರರೆಲ್ಲ ಬಟ್ಟಲಿಗೆ ಕಾರ್ನ್‌ಫ್ಲೇಕ್ಸ್ ಸುರಿದು ಫ್ರಿಜ್ಜಿನ ಹಾಲು ಹೊಯ್ದುಕೊಂಡು ನಿಂತಲ್ಲೇ ಮೆಲ್ಲುತ್ತಿದ್ದರು. ನಮ್ಮೂರಿನಲ್ಲಿ ಕರೆಯುವ ಹಸುವಿಗೂ ಹಿಂಡಿಯನ್ನು ಬಿಸಿನೀರಿನಲ್ಲಿ ಕಲಸಿ ಇಡುತ್ತಿದ್ದರು. ತೆಳ್ಳೇವೋ ಉಪ್ಪಿಟ್ಟೋ ಕಡುಬೋ, ಬೆಳಿಗ್ಗೆ ಹೊಟ್ಟೆಗೆ ಹೋಗುವುದು ಒಲೆಯಿಂದ ಈಗಷ್ಟೇ ಇಳಿದಿರಬೇಕು, ನಾಲಿಗೆಗೆ ಉಪ್ಪು ತಾಗಬೇಕು ಎಂಬುದರಲ್ಲಿ ನನಗೆ ಎಂದೂ ಅನುಮಾನ ಬಂದಿರಲಿಲ್ಲ.

ಅಂಥದೊಂದು ಬೆಳಿಗ್ಗೆ ಬಸ್ ನಿಲ್ದಾಣದ ಹಿಂದಿನ ಕೆಫೆಯೊಂದಕ್ಕೆ ನುಗ್ಗಿದೆ. ಗಾಜಿನ ತುಂಬ ಆವಿ ಹಿಡಿದು ಒಳಗಿನದು ಏನೂ ಕಾಣುತ್ತಿರಲಿಲ್ಲ. ಬಿಸಿ ಇದೆ ಎನ್ನುವುದಕ್ಕೆ ಬೇರೆ ಜಾಹೀರಾತು ಬೇಕೆ? ನಡೆಸುತ್ತಿದ್ದವರು ಸೈಪ್ರಸ್ಸಿನಿಂದ ಬಂದ ತುರ್ಕಿ ಕುಟುಂಬದವರು. ಇಂಗ್ಲೆಂಡಿನಲ್ಲಿ ಇಂಥ ಜಿಡ್ಡಿನ ಕೆಫೆಗಳನ್ನು ನಡೆಸಿದವರಲ್ಲಿ ಇಟಲಿಯವರೂ ಸೈಪ್ರಸ್ಸಿನವರೂ ಬಹಳ. ಲಂಡನ್ನಿನ ಬೆತ್ನಲ್ ಗ್ರೀನಿನಲ್ಲಿರುವ ಪೆಲ್ಲಿಚಿ ಎಂಬ ಕೆಫೆಯನ್ನು 1900ರಿಂದ ಒಂದೇ ಇಟಾಲಿಯನ್ ಮನೆತನ ನಡೆಸಿಕೊಂಡು ಬಂದಿದೆ. ಅದರ ಮರದ ಕೆತ್ತನೆಯ ಗೋಡೆಗಳಿಗಾಗಿ ಸರ್ಕಾರ ಆ ಕಟ್ಟಡವನ್ನು ಸಂರಕ್ಷಿತ ಪಟ್ಟಿಗೇ ಸೇರಿಸಿಬಿಟ್ಟಿದೆ. ಲೀಡ್ಸಿನ ಆ ಕೆಫೆಯ ಯಜಮಾನಿಗೆ ಮಾಂಸ ಬೇಡ ಎಂದೆ. ಆಕೆ ಏನೂ ಕೇಳದೆ ಎರಡು ಕರಿದ ಮೊಟ್ಟೆ, ಅಣಬೆ, ಅಂಗಾತ ಸುಟ್ಟ ಅರ್ಧ ಟೊಮೆಟೊ, ಎಣ್ಣೆಯಲ್ಲಿ ಹೊರಳಿಸಿದ ಬ್ರೆಡ್ಡು, ಒಂದು ಸೌಟು ಬೀನ್ಸ್ ತಂದಿಟ್ಟಳು. ಜೊತೆಗೆ ಇಟ್ಟಿಗೆಯ ಬಣ್ಣದ ಚಹಾ, ದೊಡ್ಡ ಮಗ್ಗಿನಲ್ಲಿ. ತಟ್ಟೆಯಿಂದ ಹೊಗೆ ಏಳುತ್ತಿತ್ತು. ಸಮುದ್ರ ದಾಟಿದ ಮೇಲೆ ಮೊದಲ ಸಲ ಬೆಳಗಾದ ಹಾಗಾಯಿತು.

ಬೀನ್ಸ್ ಮಾತ್ರ ಸಿಹಿ. ಕಾಳು ಹದವಾಗಿ ಬೆಂದಿದೆ, ಟೊಮೆಟೊ ರಸವೂ ಇದೆ, ಆದರೆ ಖಾರವಿಲ್ಲ, ಹುಳಿಯಿಲ್ಲ. ಮೇಜಿನ ಮೇಲೆ ಕಂದು ಬಣ್ಣದ ಸಾಸಿನ ಬಾಟಲಿ ಇತ್ತು, ಲೇಬಲ್ಲಿನ ಮೇಲೆ ಬ್ರಿಟಿಷ್ ಪಾರ್ಲಿಮೆಂಟಿನ ಚಿತ್ರ. ಒಂದಿಷ್ಟು ಸುರಿದುಕೊಂಡು ಬಾಯಿಗಿಟ್ಟೆ. ನಾಲಿಗೆ ತಟ್ಟನೆ ಗುರುತು ಹಿಡಿಯಿತು: ಹುಣಸೆಹಣ್ಣು! ಬಾಟಲಿ ತಿರುಗಿಸಿ ನೋಡಿದರೆ ಹೌದು, ವಿನೆಗರ್, ಖರ್ಜೂರ, ಕಾಕಂಬಿಗಳ ಸಾಲಿನಲ್ಲಿ ಹುಣಸೆಯೂ ಕೂತಿದೆ. ಎಚ್‌ಪಿ ಎಂಬುದು ಆ ಸಾಸಿನ ಹೆಸರು, ಎಂದರೆ ಹೌಸಸ್ ಆಫ್ ಪಾರ್ಲಿಮೆಂಟ್. ನಾಟಿಂಗ್‌ಹ್ಯಾಮಿನ ಕಿರಾಣಿ ಅಂಗಡಿಯವ ಫ್ರೆಡೆರಿಕ್ ಗಾರ್ಟನ್ 1895ರಲ್ಲಿ ಈ ಹೆಸರನ್ನು ನೋಂದಾಯಿಸಿದ. ಪಾರ್ಲಿಮೆಂಟಿನ ಊಟದ ಕೋಣೆಯಲ್ಲಿ ತನ್ನ ಸಾಸ್ ಬಡಿಸುತ್ತಾರೆಂದು ಅವನಿಗೆ ಯಾರೋ ಹೇಳಿದ್ದರಂತೆ. ಆಮೇಲೆ ಸಾಲ ತೀರಿಸಲಾಗದೆ ಹೆಸರನ್ನೂ ಪಾಕವನ್ನೂ ವಿನೆಗರ್ ತಯಾರಕರೊಬ್ಬರಿಗೆ ಬಿಟ್ಟುಕೊಟ್ಟ. ಬರ್ಮಿಂಗ್‌ಹ್ಯಾಮಿನ ಆಸ್ಟನ್ನಿನಲ್ಲಿ ತಲೆಮಾರುಗಳ ಕಾಲ ತಯಾರಾಗುತ್ತಿದ್ದ ಈ ಸಾಸು 2007ರಲ್ಲಿ ಆ ಕಾರ್ಖಾನೆಗೆ ಬೀಗ ಬಿದ್ದ ಮೇಲೆ ನೆದರ್ಲೆಂಡಿಗೆ ಹೋಯಿತು. ಹೀಗೆ ಇಂಗ್ಲಿಷ್ ತಿಂಡಿಯ ಮೇಲೆ ಸುರಿಯುವ ಅತ್ಯಂತ ಇಂಗ್ಲಿಷ್ ಪದಾರ್ಥ ಡಚ್ಚರ ನೆಲದಲ್ಲಿ ನಮ್ಮ ಹುಣಸೆ ಹಾಕಿ ಕುದಿಯುತ್ತಿದೆ. ಆ ದಿನದಿಂದ ಆ ಬಾಟಲಿ ಇರುವ ಮೇಜಿನಲ್ಲಿ ನಾನು ಯಜಮಾನಿಕೆಯ ಗತ್ತಿನಿಂದಲೇ ಕೂರುತ್ತೇನೆ.

ದೊರೆಯ ಪರಿಚಯವಾದದ್ದು ಅದೇ ಕೆಫೆಯಲ್ಲಿ ಎಂದು ಬರೆದರೆ ಚೆಂದವಿರುತ್ತಿತ್ತು. ಆದರೆ ಆದದ್ದು ಆಫೀಸಿನ ಪ್ರಿಂಟರಿನ ಪಕ್ಕ. ಲೀಡ್ಸಿನಲ್ಲಿ ಇರುವಷ್ಟು ಕಾಲ ಅವನು ಈ ತಿಂಡಿ ತಿಂದದ್ದನ್ನು ನಾನು ಹೆಚ್ಚು ಕಂಡಿಲ್ಲ. ವಾರದ ದಿನಗಳಲ್ಲಿ ಅವನೂ ಕಾರ್ನ್‌ಫ್ಲೇಕ್ಸ್ ಗಿರಾಕಿಯೇ. ತಡವಾದರೆ ಒಂದು ಟೋಸ್ಟನ್ನು ಬಾಯಲ್ಲಿ ಕಚ್ಚಿಕೊಂಡೇ ಬಸ್ಸು ಹತ್ತುತ್ತಿದ್ದ. ಅವನ ಹೆಂಡತಿಗೆ ಕೊಲೆಸ್ಟರಾಲ್ ಬಗ್ಗೆ ಬಹಳ ತಿಳಿದಿತ್ತು. ಕಂಪನಿ ನಮ್ಮಿಬ್ಬರನ್ನೂ ಜರ್ಮನಿಯ ಸ್ಟುಟ್‌ಗಾರ್ಟಿಗೆ ಕಳಿಸಿದ ಮೇಲೆಯೇ ಅವನೊಳಗಿನ ಇಂಗ್ಲಿಷಿನವನು ಎಚ್ಚರಗೊಂಡದ್ದು. ಹೋದ ಮೊದಲ ವಾರವೇ, ಹೋಟೆಲಿನ ತಿಂಡಿಕೋಣೆಯಲ್ಲಿ, ತಣ್ಣನೆಯ ಹ್ಯಾಮು, ತಣ್ಣನೆಯ ಚೀಸು, ತಣ್ಣನೆಯ ಸೌತೆಕಾಯಿಗಳ ಮುಂದೆ ಅವನೂ ನಾನೂ ಪರಸ್ಪರ ಮುಖ ನೋಡಿಕೊಂಡೆವು. ಬೆಳಿಗ್ಗೆ ಬಿಸಿಯಾಗಿ ಉಪ್ಪಾಗಿ ತಿನ್ನಬೇಕೆಂಬ ಮತಕ್ಕೆ ಸೇರಿದವರು ಯುರೋಪಿನಲ್ಲಿ ಅಲ್ಪಸಂಖ್ಯಾತರು. ಆ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು.

ಚಹಾ ವಿಷಯದಲ್ಲೂ ಹಾಗೆಯೇ. ಅಲ್ಲಿ ಚಹಾ ಕೇಳಿದರೆ ಗಾಜಿನ ಲೋಟದಲ್ಲಿ ಬಿಸಿಯಾಗಿತ್ತೆಂದು ನೆನಪಿರುವ ನೀರು ಬರುತ್ತದೆ. ಪಕ್ಕದ ತಟ್ಟೆಯಲ್ಲಿ ಹೊದಿಕೆಯನ್ನೂ ಬಿಚ್ಚದ ಟೀ ಬ್ಯಾಗು, ಒಂದು ಬಿಲ್ಲೆ ನಿಂಬೆಹಣ್ಣು. ಹಾಲು ಬೇಕೆಂದರೆ ಕಾಫಿಗೆ ಹಾಕುವ ಕೆನೆಯ ಪುಟ್ಟ ಪ್ಲಾಸ್ಟಿಕ್ ಡಬ್ಬಿ. ‘ನೀರು ಕುದಿಯುತ್ತಿರುವಾಗಲೇ ಸೊಪ್ಪಿನ ಮೇಲೆ ಬೀಳಬೇಕು’ ಎಂದು ದೊರೆ ಗೊಣಗಿದ. ರಾತ್ರಿ ಫೋನಿನಲ್ಲಿ ಅಮ್ಮನಿಗೆ ಲೋಟದ ಕಥೆ ಹೇಳಿದೆ. ‘ಅಯ್ಯೋ, ಕುದಿಸದೇ ಹೋದ್ರೆ ಅದೆಂಥ ಚಾ ಮಾರಾಯ?’ ಎಂದರು. ಅವರಿಬ್ಬರೂ ಈವರೆಗೆ ಭೇಟಿಯಾಗಿಲ್ಲ. ಆದರೆ ಒಬ್ಬರ ಬಗ್ಗೆ ಒಬ್ಬರಿಗೆ ಒಳ್ಳೆಯ ಅಭಿಪ್ರಾಯವಿದೆ.

ಮನೆ ಮಾಡಿದ ಮೇಲೆ ದೊರೆ ತಾನೇ ಬೇಯಿಸಿಕೊಳ್ಳಲು ನಿರ್ಧರಿಸಿದ. ಸಾಮಾನು ಹೊಂದಿಸಲು ನಾನು ಜೊತೆಗೆ ಹೋಗುತ್ತಿದ್ದೆ. ಸೂಪರ್ ಮಾರ್ಕೆಟ್ಟಿನಲ್ಲಿ ಪರದೇಶದ ಸಾಮಾನಿಗೆಂದೇ ಒಂದು ಕಪಾಟು. ನನಗೆ ಬೇಕಾದ ತೆಂಗಿನ ಹಾಲು, ಹಪ್ಪಳ ಅಲ್ಲೇ. ಅವನ ಹೈನ್ಜ್ ಬೀನ್ಸ್ ಡಬ್ಬಿಯೂ ಅಲ್ಲೇ. ಜಗತ್ತಿನ ಕಾಲು ಭಾಗ ಆಳಿದವರ ತಿಂಡಿ ಕೊನೆಗೆ ನಮ್ಮ ಹಪ್ಪಳದ ಪಕ್ಕಕ್ಕೆ ಬಂದು ನಿಂತದ್ದನ್ನು ಕಂಡು ಒಳಗೊಳಗೇ ಸುಖಪಟ್ಟೆ ಎಂಬುದನ್ನು ಮುಚ್ಚಿಡಲಾರೆ. ನಿಜ ನೋಡಿದರೆ ಆ ಡಬ್ಬಿಯೂ ಇಂಗ್ಲಿಷರದ್ದಲ್ಲ. ಹೈನ್ಜ್ ಅಮೆರಿಕದ ಪಿಟ್ಸ್‌ಬರ್ಗಿನ ಕಂಪನಿ. 1886ರಲ್ಲಿ ಲಂಡನ್ನಿನ ಪಿಕಡಿಲಿಯ ಫೋರ್ಟ್‌ನಮ್ ಅಂಡ್ ಮೇಸನ್ ಎಂಬ ಶ್ರೀಮಂತರ ಅಂಗಡಿಗೆ ಅದರ ಸರಕು ಮೊದಲು ಹೋಯಿತು. ಬೀನ್ಸ್ ಮೊದಮೊದಲು ಅಮೆರಿಕದಿಂದ ಬಂದ ದುಬಾರಿ ವಸ್ತು. ಈಗ ವಿಗನ್ನಿನ ಬಳಿ, 1959ರಲ್ಲಿ ತೆರೆದ ದೈತ್ಯ ಕಾರ್ಖಾನೆಯಲ್ಲಿ ಡಬ್ಬಿ ತುಂಬುತ್ತಾರೆ, ಆದರೆ ಕಾಳು ಇವತ್ತಿಗೂ ಹೆಚ್ಚಾಗಿ ಬರುವುದು ಉತ್ತರ ಅಮೆರಿಕದ ಹೊಲಗಳಿಂದಲೇ. ಬೇಕನ್ನನ್ನು ಇಂಗ್ಲೆಂಡಿಗೆ ತಲೆಮಾರುಗಳಿಂದ ಕಳಿಸುತ್ತಿರುವವರು ಡೆನ್ಮಾರ್ಕಿನವರು. ಚಹಾ ಅಸ್ಸಾಮಿನದು, ಕೀನ್ಯಾದ್ದು. ಇಷ್ಟೆಲ್ಲ ಹೊರಗಿನದೇ ಆದ ಮೇಲೆ ಹೊರದೇಶದಲ್ಲಿ ಇದು ಸುಲಭವಾಗಿ ಸಿಗಬೇಕಲ್ಲ ಎಂದು ದೊರೆಗೆ ಹೇಳಿ ನೋಡಿದೆ. ಅವನು ಉತ್ತರ ಕೊಡದೆ ಡಬ್ಬಿಯ ಬೆಲೆ ನೋಡಿ ನಿಟ್ಟುಸಿರು ಬಿಟ್ಟ.

ಸಾಸೇಜಿನ ಪ್ರಕರಣ ಇನ್ನೂ ಕಷ್ಟದ್ದು. ಜರ್ಮನಿ ಸಾಸೇಜುಗಳ ತವರು. ಕಟುಕರ ಅಂಗಡಿಯಲ್ಲಿ ಅವು ತೋರಣ ಕಟ್ಟಿದ ಹಾಗೆ ತೂಗುತ್ತಿರುತ್ತವೆ. ದೊರೆಗೆ ಬೇಕಾದದ್ದು ಅವುಗಳಲ್ಲಿ ಒಂದೂ ಅಲ್ಲ. ಇಂಗ್ಲಿಷ್ ಸಾಸೇಜಿನಲ್ಲಿ ಮಾಂಸದ ಜೊತೆ ರಸ್ಕಿನ ಪುಡಿ ಬೆರೆಸುತ್ತಾರೆ, ಅದರಿಂದಲೇ ಆ ಮೆತ್ತಗಿನ ಗುಣ. ಅಂಗಡಿಯ ಹಿರಿಯ ಗಂಭೀರವಾಗಿ ಕೇಳಿಸಿಕೊಂಡು, ‘ಮಾಂಸಕ್ಕೆ ಬ್ರೆಡ್ ಪುಡಿ ಬೆರೆಸಿದರೆ ನಮ್ಮಲ್ಲಿ ಅದಕ್ಕೆ ಮೋಸ ಅಂತಾರೆ’ ಎಂದ. ಬೇಕನ್ ವಿಷಯದಲ್ಲೂ ಇದೇ ಗೋಳು. ಇಂಗ್ಲಿಷರಿಗೆ ಹಂದಿಯ ಬೆನ್ನಿನ ಭಾಗದ್ದು ಬೇಕು, ಅಂಚಿಗಷ್ಟೇ ಕೊಬ್ಬಿರುವುದು; ಲೋಕದ ಬೇರೆ ಕಡೆ ಕೊಡುವುದು ಹೊಟ್ಟೆಯ ಭಾಗದ, ಹಪ್ಪಳದಷ್ಟು ಗರಿಗರಿ ಮಾಡಿದ ಪಟ್ಟಿ. ಒಂದು ಚೂರನ್ನೂ ಬಾಯಿಗಿಡದೆ ಈ ವಿಷಯದಲ್ಲಿ ನಾನು ಗಳಿಸಿರುವ ಪಾಂಡಿತ್ಯ ನನಗೇ ಅಚ್ಚರಿ ತರುತ್ತದೆ. ವೇದಾಂತವನ್ನೂ ಬಹಳ ಮಂದಿ ಹೀಗೇ ಬಲ್ಲರು.

ಎಲ್ಲಕ್ಕಿಂತ ಅವನನ್ನು ಸೋಲಿಸಿದ್ದು ಬ್ರೆಡ್ಡು. ಜರ್ಮನ್ನರ ಬ್ರೆಡ್ಡು ಅತ್ಯುತ್ತಮ ಎಂಬುದೇ ತೊಂದರೆ. ಗಟ್ಟಿ ತೊಗಟೆ, ರೈ ಹಿಟ್ಟಿನ ಹುಳಿವಾಸನೆ, ಮೇಲೆ ಸೂರ್ಯಕಾಂತಿ ಬೀಜ. ಅದನ್ನು ಎಣ್ಣೆಗೆ ಹಾಕಿದರೆ ಎಣ್ಣೆಯನ್ನು ಹತ್ತಿರ ಸೇರಿಸುವುದಿಲ್ಲ. ಬೀನ್ಸಿನ ರಸ ಸುರಿದರೆ ಒದ್ದೆಯಾಗುವುದಿಲ್ಲ. ಈ ತಟ್ಟೆಗೆ ಬೇಕಾದದ್ದು ಸ್ವಂತ ವ್ಯಕ್ತಿತ್ವವೇ ಇಲ್ಲದ, ಬೆರಳೊತ್ತಿದರೆ ಕುಸಿಯುವ ಬಿಳಿ ಬ್ರೆಡ್ಡು. 1961ರಲ್ಲಿ ಹರ್ಟ್‌ಫರ್ಡ್‌ಶೈರಿನ ಚೋರ್ಲಿವುಡ್ ಎಂಬಲ್ಲಿನ ಸಂಶೋಧನಾಲಯದವರು ಕಡಿಮೆ ಪ್ರೋಟೀನಿನ ಗೋಧಿಯಿಂದಲೂ ಬಿರುಸಿನ ಯಂತ್ರದಲ್ಲಿ ನಾದಿ ಬೇಗನೆ ಬ್ರೆಡ್ ಉಬ್ಬಿಸುವ ವಿಧಾನ ಕಂಡುಹಿಡಿದರು. ಆಮೇಲೆ ಬ್ರಿಟನ್ನಿನ ಬಹುಪಾಲು ಬ್ರೆಡ್ಡು ಹಾಗೆಯೇ ಆಗತೊಡಗಿತು. ರುಚಿ ಬಲ್ಲವರು ಅದನ್ನು ಇವತ್ತಿಗೂ ಬೈಯುತ್ತಾರೆ. ಬೈಯುವವರು ಅದನ್ನು ಮೊಟ್ಟೆಯ ಹಳದಿಗೆ ಅದ್ದಿ ನೋಡಿಲ್ಲವೆಂದು ಕಾಣುತ್ತದೆ.

ಹಾಗಾದರೆ ಈ ತಿಂಡಿ ಇಂಗ್ಲಿಷರ ಪಾಲಿಗೆ ಇಷ್ಟು ದೊಡ್ಡದಾದದ್ದು ಹೇಗೆ? ಹಿಂದೆ ಅದು ಹಳ್ಳಿಗಾಡಿನ ಬಂಗಲೆಗಳ ವೈಭವ. ಬೆಳ್ಳಿಯ ಮುಚ್ಚಳಗಳ ಕೆಳಗೆ ಮೂತ್ರಪಿಂಡದ ಹುರುಕಲು, ಮೀನು, ಮೊಟ್ಟೆ. 1861ರಲ್ಲಿ ಬಂದ ಮಿಸೆಸ್ ಬೀಟನ್ ಅವರ ಗೃಹಕೃತ್ಯದ ಹೆಬ್ಬೊತ್ತಿಗೆ ಮಧ್ಯಮವರ್ಗದ ಗೃಹಿಣಿಯರಿಗೆ ಮೇಜು ಹೇಗೆ ತುಂಬಬೇಕೆಂದು ಕಲಿಸಿತು. ನಮ್ಮ ದೇಶದಿಂದ ಮರಳಿದ ಸಾಹೇಬರು ಕಿಚಡಿಯನ್ನು ಜೊತೆಗೆ ಒಯ್ದರು. ಅಲ್ಲಿ ಅದು ಬೇಳೆ ಕಳೆದುಕೊಂಡು, ಹೊಗೆಯಾಡಿಸಿದ ಮೀನೂ ಬೇಯಿಸಿದ ಮೊಟ್ಟೆಯೂ ಸೇರಿ ಕೆಜರಿ ಎಂಬ ತಿಂಡಿಯಾಯಿತು. ಬಡವರ ಮನೆಗೆ ಇದೆಲ್ಲ ಬಂದದ್ದು ತಡವಾಗಿ, ಹೋದದ್ದು ಮಾತ್ರ ಬೇಗ. ದೊರೆಯ ಅಜ್ಜಿಯನ್ನು ನಾನು ಕಂಡದ್ದುಂಟು. ಕೇಳಿದ್ದಕ್ಕೆಲ್ಲ ‘ಯುದ್ಧದ ಕಾಲದಲ್ಲಿ’ ಎಂದೇ ಮಾತು ಶುರುಮಾಡುವ ಹಣ್ಣುಮುದುಕಿ. 1940ರ ಜನವರಿಯಲ್ಲಿ ಪಡಿತರ ಜಾರಿಯಾದಾಗ ಮೊದಲ ಏಟು ಬಿದ್ದದ್ದು ಬೇಕನ್, ಬೆಣ್ಣೆ, ಸಕ್ಕರೆಗೆ. ಆಮೇಲೆ ಮೊಟ್ಟೆಯೂ ತಲೆಗೆ ವಾರಕ್ಕೊಂದಕ್ಕೆ ಇಳಿಯಿತು. ಅದೂ ಸಿಕ್ಕರೆ, ಇಲ್ಲವಾದರೆ ಅಮೆರಿಕದ ಮೊಟ್ಟೆಪುಡಿಯನ್ನು ನೀರಿನಲ್ಲಿ ಕಲಸಿಕೊಳ್ಳಬೇಕು. ಕೊನೆಯ ಪಡಿತರ ಚೀಟಿ ಹರಿದದ್ದು 1954ರ ಜುಲೈಯಲ್ಲಿ, ಮಾಂಸ ಮತ್ತು ಬೇಕನ್ನಿನ ಜೊತೆ. ಅಷ್ಟು ವರ್ಷ ಬೇಕನ್ನಿನ ಚೂರುಗಳನ್ನು ತೂಕ ಹಾಕಿಸಿಕೊಂಡು ತಂದವರ ಮೊಮ್ಮಗನಿಗೆ ತಟ್ಟೆ ತುಂಬಿಯೇ ಇರಬೇಕೆಂಬ ಹಟ ಬಂದದ್ದರಲ್ಲಿ ವಿಶೇಷವೇನಿದೆ?

ಹೊಟ್ಟೆಯ ಈ ಆಸೆಯೇ ಅವರನ್ನು ಹೊರದೇಶಕ್ಕೂ ಎಳೆಯಿತೆಂದು ಕಾಣುತ್ತದೆ. 1950ರಲ್ಲಿ ವ್ಲಾದಿಮಿರ್ ರೈಟ್ಜ್ ಎಂಬಾತ ವಿಮಾನ ಬಾಡಿಗೆಗೆ ಹಿಡಿದು ಕಾರ್ಸಿಕಾ ದ್ವೀಪಕ್ಕೆ ಜನರನ್ನು ಒಟ್ಟಿಗೆ ಕರೆದೊಯ್ದ. ಪ್ಯಾಕೇಜ್ ಪ್ರವಾಸಕ್ಕೆ ಅದೇ ಮುನ್ನುಡಿ. ಮಲಗಲು ಡೇರೆ, ಆದರೆ ದಿನಕ್ಕೆರಡು ಹೊತ್ತು ಮಾಂಸದೂಟ. ಊರಿನಲ್ಲಿ ಇನ್ನೂ ಪಡಿತರವಿದ್ದ ದಿನಗಳು, ಯಾರು ಬೇಡವೆಂದಾರು! ಆಮೇಲೆ ಪ್ರವಾಹ ಸ್ಪೇನಿನತ್ತ ತಿರುಗಿತು. ಮೀನುಗಾರರ ಹಳ್ಳಿಯಾಗಿದ್ದ ಬೆನಿಡೋರ್ಮಿನ ಮೇಯರ್ ಪೇದ್ರೋ ಸಾರಗೋಸಾ ಕಡಲತೀರದಲ್ಲಿ ಬಿಕಿನಿ ತೊಡಲು ಬಿಟ್ಟದ್ದಕ್ಕೆ ಪಾದ್ರಿಗಳ ಕೋಪಕ್ಕೆ ತುತ್ತಾಗಿ, ಸ್ಕೂಟರ್ ಏರಿ ಮ್ಯಾಡ್ರಿಡ್ಡಿಗೆ ಹೋಗಿ ಸರ್ವಾಧಿಕಾರಿ ಫ್ರಾಂಕೋನನ್ನೇ ಕಂಡು ಬಂದ ಎಂಬ ಕಥೆಯನ್ನು ಅಲ್ಲಿನವರು ಇಂದಿಗೂ ಹೇಳುತ್ತಾರೆ. ಬಿಕಿನಿಯ ಬೆನ್ನಿಗೆ ಬೇಕನ್ ಬಂತು. ದೊರೆಯ ಅಜ್ಜ ಮಾತ್ರ ಸ್ಪೇನಿನವರನ್ನು ನಂಬದೆ ಮೊದಲ ಪ್ರವಾಸಕ್ಕೆ ಸೂಟ್‌ಕೇಸಿನಲ್ಲಿ ಚಹಾಪುಡಿ, ಬೇಕನ್ನು, ಒಂದು ಚಿಕ್ಕ ಬಾಣಲೆ ಇಟ್ಟುಕೊಂಡು ಹೋಗಿದ್ದರಂತೆ. ಇದನ್ನು ಕೇಳಿ ನನ್ನ ಹೆಂಡತಿ ನಕ್ಕಳು. ಆಗ ಅವಳ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಅವಲಕ್ಕಿ, ಪುಟ್ಟದೊಂದು ಕರೆಂಟಿನ ಕುಕ್ಕರು ಇತ್ತು.

ಅಜ್ಜನ ಉಪಾಯ ಈಗ ನಡೆಯುವುದಿಲ್ಲ. 2021ರ ಜನವರಿಯಿಂದ, ಬ್ರೆಕ್ಸಿಟ್ಟಿನ ಫಲವಾಗಿ, ಬ್ರಿಟನ್ನಿನಿಂದ ಹೋಗುವವರು ಐರೋಪ್ಯ ಒಕ್ಕೂಟದೊಳಗೆ ಮಾಂಸ, ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಶುರುವಿನ ದಿನಗಳಲ್ಲಿ ಹಡಗಿನಿಂದ ಇಳಿದ ಲಾರಿ ಚಾಲಕರ ಹ್ಯಾಮ್ ಸ್ಯಾಂಡ್‌ವಿಚ್ಚುಗಳನ್ನೂ ಡಚ್ ಅಧಿಕಾರಿಗಳು ಕಿತ್ತಿಟ್ಟುಕೊಂಡದ್ದು ಸುದ್ದಿಯಾಗಿತ್ತು. ದೊರೆಯ ಅಮ್ಮ ಮಗನನ್ನು ನೋಡಲು ಬಂದಾಗ ಸಾಸೇಜುಗಳನ್ನು ಉಣ್ಣೆಯ ಕಾಲುಚೀಲದೊಳಗೆ ಸುತ್ತಿ ತಂದರಂತೆ. ಸಿಕ್ಕಿಬಿದ್ದರೋ ಇಲ್ಲವೋ ಎಂಬುದನ್ನು ನಾನು ಬರೆಯುವುದು ಸರಿಯಲ್ಲ. ಮಿಡಿ ಉಪ್ಪಿನಕಾಯಿಗೆ ಏಳು ಪದರ ಪ್ಲಾಸ್ಟಿಕ್ ಸುತ್ತಿ, ಮೇಲೊಂದು ಹಳೇ ಪಂಚೆ ಕಟ್ಟಿ ಕಳಿಸುವ ನಮ್ಮ ಮನೆಯವರಿಗೆ ಆ ತಾಯಿಯ ಮೇಲೆ ವಿಪರೀತ ಮರುಕ.

ಬೆನಿಡೋರ್ಮಿನಲ್ಲಿ ನಾವು ಕೊನೆಗೆ ಕೂತ ಹೋಟೆಲಿನದು ಕೆಟ್ಟ ತಿಂಡಿಯಲ್ಲ. ಆದರೆ ದೊರೆಯ ತಟ್ಟೆಯಲ್ಲಿ ಕಪ್ಪನೆಯ ಬಿಲ್ಲೆಗಳೆರಡು ಇದ್ದವು. ‘ಇದೇನು, ಹಲ್ವಾ ಇದ್ದ ಹಾಗಿದೆ?’ ಎಂದು ನನ್ನವಳು ಕುತೂಹಲದಿಂದ ಬಗ್ಗಿದಳು. ಹಂದಿಯ ರಕ್ತಕ್ಕೆ ಓಟ್ಸ್ ಬೆರೆಸಿ ಮಾಡಿದ್ದೆಂದು ಅವನು ಉತ್ಸಾಹದಿಂದ ವಿವರಿಸಿದ. ಅವಳು ಕುರ್ಚಿಯನ್ನು ಸಮುದ್ರದ ಕಡೆ ತಿರುಗಿಸಿ, ನೋಟ ಬಹಳ ಚೆನ್ನಾಗಿದೆ ಎಂದು ಹೇಳಿ, ತಿಂಡಿ ಮುಗಿಯುವವರೆಗೆ ಆ ಕಡೆಯೇ ನೋಡುತ್ತಿದ್ದಳು.

ದೊಡ್ಡ ಹೋಟೆಲುಗಳ ಬಫೆಯ ಬಗ್ಗೆ ಬರೆಯಲು ನನಗೆ ಮನಸ್ಸಿಲ್ಲ. ಇಂಗ್ಲಿಷ್ ಬ್ರೇಕ್‌ಫಾಸ್ಟ್ ಎಂಬ ಚೀಟಿಯ ಹಿಂದಿನ ಸ್ಟೀಲ್ ಮುಚ್ಚಳ ಎತ್ತಿದರೆ ನೀರು ಬಿಟ್ಟ ಮೊಟ್ಟೆಯ ಪಲ್ಯ, ಬೆರಳಿನಷ್ಟೂ ಇಲ್ಲದ ಸಾಸೇಜು. ಒಂದು ಕಡೆ ಮಾತ್ರ ಮುಖ್ಯ ಬಾಣಸಿಗನೇ ಖುದ್ದಾಗಿ ಬಂದು ತನ್ನ ಬೀನ್ಸ್ ರುಚಿ ನೋಡಬೇಕೆಂದು ಒತ್ತಾಯಿಸಿದ. ಡಬ್ಬಿಯದಲ್ಲ, ತಾನೇ ನೆನೆಹಾಕಿ ಬೇಯಿಸಿದ್ದು. ರೋಸ್‌ಮೇರಿ ಸೊಪ್ಪು, ಆಲಿವ್ ಎಣ್ಣೆ, ಮೇಲೆ ಒಂದಿಷ್ಟು ಮೇಕೆ ಹಾಲಿನ ಚೀಸು. ನನಗೆ ರುಚಿಯೆನಿಸಿತು. ದೊರೆ ಒಂದು ಚಮಚ ತಿಂದು ‘ಇಂಟರೆಸ್ಟಿಂಗ್’ ಎಂದ. ಬಾಣಸಿಗ ಹಿಗ್ಗಿ ಹೋದ. ಯಾರ್ಕ್‌ಶೈರಿನವರ ಜೊತೆ ಬಾಳಿದವರಿಗೆ ಗೊತ್ತು, ಅದಕ್ಕಿಂತ ಕೆಟ್ಟ ಬೈಗುಳ ಅವರ ಬಳಿ ಇಲ್ಲ.

ಒಮ್ಮೆ ಅವನು ಕೆಲಸದ ಮೇಲೆ ಬೆಂಗಳೂರಿಗೆ ಬಂದಿದ್ದ. ನಾನೂ ರಜೆಯಲ್ಲಿ ಅಲ್ಲೇ ಇದ್ದೆ. ಪಾಪ, ಮನೆ ತಿಂಡಿ ತಪ್ಪಿರುತ್ತದೆ ಎಂದು ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್‌ಗೆ ಕರೆದೊಯ್ಯಲು ಹೊರಟೆ. ಹಳೇ ದಂಡು ಪ್ರದೇಶದ ಗತ್ತು ಉಳಿಸಿಕೊಂಡು ಮೊಟ್ಟೆ, ಟೋಸ್ಟು, ಬೇಕ್ಡ್ ಬೀನ್ಸ್ ಕೊಡುವ ಜಾಗ. ದೊರೆ ಬರಲೊಪ್ಪಲಿಲ್ಲ. ಇಳಿದುಕೊಂಡಿದ್ದ ಹೋಟೆಲಿನ ಮೂಲೆಯಲ್ಲೊಂದು ದರ್ಶಿನಿ ಪತ್ತೆಮಾಡಿಕೊಂಡು, ದಿನಾ ಬೆಳಿಗ್ಗೆ ಏಳಕ್ಕೆ ಆಟೋದವರ ಮಧ್ಯೆ ನಿಂತು ಇಡ್ಲಿ ವಡೆಯನ್ನು ಸಾಂಬಾರಿನಲ್ಲಿ ಮುಳುಗಿಸಿ ಹೊಡೆಯುತ್ತಿದ್ದ. ಬೇಕನ್ನಿನ ನೆನಪೇ ಆಗಲಿಲ್ಲವಂತೆ. ಆಗ ನನಗೆ ಅವನ ಕಾ‍ಯಿಲೆಯ ಮೂಲ ಹೊಳೆಯಿತು. ಬಿಸಿ, ಉಪ್ಪು, ಕುದಿಸಿದ ಚಹಾ ಸಿಗುವ ಊರಿನಲ್ಲಿ ಅವನಿಗೆ ಇಂಗ್ಲೆಂಡ್ ನೆನಪಾಗುವುದಿಲ್ಲ. ಜಾಮು, ಕ್ರೋಸಾಂಟುಗಳ ದೇಶದಲ್ಲಷ್ಟೇ ಅವನಿಗೆ ದೇಶಭಕ್ತಿ ಉಕ್ಕುವುದು. ನನ್ನದೂ ಅದೇ ಕಥೆಯಾದ್ದರಿಂದ ಹೆಚ್ಚು ಹಾಸ್ಯ ಮಾಡಲು ಹೋಗಲಿಲ್ಲ.

ಎಲ್ಲ ಸುತ್ತಾಟಗಳಲ್ಲಿ ದೊರೆಗೆ ತೃಪ್ತಿಯಾದದ್ದು ದುಬೈಯಲ್ಲಿ. ಅಲ್ಲಿ ಅದು ಸಾಧ್ಯವೇ ಇಲ್ಲವೆಂದು ಇಬ್ಬರೂ ತೀರ್ಮಾನಿಸಿದ್ದೆವು. ಹಂದಿಮಾಂಸ ಅಲ್ಲಿ ಕೆಲವು ಸೂಪರ್ ಮಾರ್ಕೆಟ್ಟುಗಳಲ್ಲಿ, ಮುಸ್ಲಿಮೇತರರಿಗೆಂದು ಫಲಕ ಹಾಕಿದ ಬೇರೆ ಕೋಣೆಯೊಳಗೆ ಸಿಗುತ್ತದೆ. ಸಾಮಾನ್ಯ ಕೆಫೆಗಳಲ್ಲಿ ಬೇಕನ್ ಎಂದರೆ ದನದ್ದು ಇಲ್ಲವೇ ಟರ್ಕಿ ಕೋಳಿಯದ್ದು. ನಾವು ಹೋದದ್ದೂ ಅಂಥದೇ ಒಂದು ಸಣ್ಣ ಕೆಫೆಗೆ. ತಟ್ಟೆ ಬಂತು. ಮೊಟ್ಟೆಯ ಅಂಚು ಕಂದುಗಟ್ಟಿದೆ, ಹಳದಿ ಅಲುಗುತ್ತಿದೆ. ಬೀನ್ಸ್ ಡಬ್ಬಿಯದೇ, ಬಿಸಿ ಮಾಡಿದ್ದು ಬಿಟ್ಟರೆ ಯಾರೂ ಮುಟ್ಟಿಲ್ಲ. ಮೊಟ್ಟೆಗೂ ಬೀನ್ಸಿಗೂ ನಡುವೆ ಸಾಸೇಜು ಅಡ್ಡಗಟ್ಟೆಯಾಗಿ ಮಲಗಿದೆ. ಬ್ರೆಡ್ಡು ಬಿಳಿ, ಮೆತ್ತಗೆ. ಚಹಾ ಕುದಿನೀರಿನದು. ದೊರೆ ಮಾತಾಡದೆ ಕೊನೆಯ ಚೂರಿನವರೆಗೆ ತಿಂದು, ತಟ್ಟೆಯನ್ನು ಬ್ರೆಡ್ಡಿನಿಂದ ಒರೆಸಿ, ‘ನಾಟ್ ಬ್ಯಾಡ್’ ಎಂದ. ಅವನಿಗೆ ಮಗಳು ಹುಟ್ಟಿದ ದಿನವೂ ಇದೇ ಮಾತು ಹೇಳಿದ್ದನಂತೆ.

ಅಡುಗೆಯವನನ್ನು ನೋಡಲೇಬೇಕೆಂದು ಒಳಗೆ ಇಣುಕಿದೆ. ಬಾಣಲೆಯ ಮುಂದಿದ್ದವರು ಕುಂದಾಪುರ ಕಡೆಯವರು. ಮುಂಬಯಿಯ ಉಡುಪಿ ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಶುರುಮಾಡಿ ಇಲ್ಲಿಗೆ ಬಂದವರು. ಕನ್ನಡ ಕೇಳಿ ಸೌಟು ಕೆಳಗಿಟ್ಟರು. ಕೆಫೆಯ ಮೊದಲ ಯಜಮಾನ ಒಬ್ಬ ಇಂಗ್ಲಿಷಿನವನಂತೆ; ಯಾವುದು ಎಷ್ಟು ನಿಮಿಷ, ತಟ್ಟೆಯಲ್ಲಿ ಎಲ್ಲಿ ಏನು ಎಂದು ಬರೆದು ಗೋಡೆಗೆ ಅಂಟಿಸಿ ಹೋಗಿದ್ದಾನೆ. ಹಾಳೆಯ ಮೇಲೆ ಎಣ್ಣೆ ಸಿಡಿದು ಅಕ್ಷರಗಳೇ ಕಾಣುತ್ತಿರಲಿಲ್ಲ.

‘ನೀವು ರುಚಿ ನೋಡಿದ್ದೀರಾ?’ ಎಂದೆ.

‘ಛೆ, ಇಲ್ಲ ಮಾರಾಯ್ರೆ. ನಂಗೆ ಬೆಳಿಗ್ಗೆ ಗಂಜಿ, ಉಪ್ಪಿನಕಾಯಿ. ಇದೆಲ್ಲ ಸದ್ದು ಕೇಳಿ, ಬಣ್ಣ ನೋಡಿ ಮಾಡುದು.’

‘ಆ ಬೀನ್ಸಿಗೆ ಒಂದು ಒಗ್ಗರಣೆ ಕೊಡಬೇಕು ಅಂತ ಅನ್ನಿಸುವುದಿಲ್ಲವಾ?’

‘ದಿನಾ ಅನ್ನಿಸ್ತದೆ. ಆದ್ರೆ ಅವರ ತಿಂಡಿ ಅವರದ್ದಲ್ವಾ? ನಿಮ್ಮ ಸಾರಿಗೆ ಯಾರಾದ್ರೂ ಚೀಸ್ ಹಾಕಿದ್ರೆ ನಿಮಗಾಗ್ತದಾ?’

ರೋಸ್‌ಮೇರಿಯ ಬಾಣಸಿಗನಿಗೆ ಯಾರೂ ಹೇಳಿಕೊಡದ ಮಾತು ಇದು. ಇಂಗ್ಲಿಷ್ ತಿಂಡಿ ಹಾಳಾಗುವುದು ಕೆಟ್ಟ ಅಡುಗೆಯವರಿಂದಲ್ಲ, ಅದನ್ನು ಉದ್ಧಾರ ಮಾಡಹೊರಟ ಒಳ್ಳೆಯ ಅಡುಗೆಯವರಿಂದ. ರುಚಿಯ ಬಗ್ಗೆ ಅಭಿಪ್ರಾಯವೇ ಇಲ್ಲದೆ, ಎದುರಿಗಿರುವವನ ಹಸಿವನ್ನು ನಂಬಿ, ಬರೆದುಕೊಟ್ಟಷ್ಟನ್ನು ಮಾಡುವವನ ಕೈಯಲ್ಲಿ ಅದು ಚೆನ್ನಾಗಿರುತ್ತದೆ.

ಪರದೇಶದಲ್ಲಿ ಇದನ್ನು ಹುಡುಕಿ ಹೊರಡುವ ಮನಸ್ಸು ನಿಮಗೂ ಬಂದರೆ ನಾಲ್ಕು ಮಾತು ಹೇಳುತ್ತೇನೆ. ಕೂತ ತಕ್ಷಣ ತಿಂಡಿ ಹೇಳಬೇಡಿ, ಮೊದಲು ಚಹಾ ಹೇಳಿ. ಟೀ ಬ್ಯಾಗು ಲೋಟದ ಹೊರಗೆ ಬಂದರೆ ದುಡ್ಡಿಟ್ಟು ಎದ್ದುಬಿಡಿ. ಮೆನುವಿನಲ್ಲಿ ‘ನಮ್ಮ ಶೈಲಿಯ’ ಎಂಬ ಮಾತಿದ್ದರೂ ಏಳಿ. ಮಾಂಸ ಬೇಡವೆಂದರೆ ಯಾರೂ ಬೇಸರಪಡುವುದಿಲ್ಲ, ಅದರ ಬದಲು ಅಣಬೆ ಹೆಚ್ಚಿಗೆ ಹಾಕುತ್ತಾರೆ. ಕಂದು ಸಾಸಿನ ಬಾಟಲಿ ಕಂಡರೆ ಧೈರ್ಯವಾಗಿ ಸುರಿದುಕೊಳ್ಳಿ. ಎಲ್ಲ ಕೂಡಿಬಂದರೆ ಅಂದು ಮಧ್ಯಾಹ್ನದ ಊಟಕ್ಕೆಂದು ದುಡ್ಡು ತೆಗೆದಿಡಬೇಡಿ, ರಾತ್ರಿಯವರೆಗೆ ಹಸಿವಾಗುವುದಿಲ್ಲ.